ಮೂರನೆಯ ಕೂಗಿಗೆ

ಅಕ್ಕನ ಮನೆ ನಮ್ಮ ಅಂಗಳದಿಂದ ಕಾಣುತ್ತದೆ. ಈ ಕಡೆಯ ಗುಡ್ಡದಲ್ಲಿ ನಾವು. ಕೆಳಗೆ ಗದ್ದೆ ಬಯಲು, ಅದರ ನಡುವೆ ಒಂದು ಹಳ್ಳ, ಹಳ್ಳ ದಾಟಿ ಏರು ಹತ್ತಿದರೆ ಅವಳ ಹೆಂಚಿನ ಮನೆ. ಹಳ್ಳದ ಈಚೆ ಸಕಲೇಶಪುರ ತಾಲ್ಲೂಕು, ಆಚೆ ಆಲೂರು ತಾಲ್ಲೂಕಿನ ಪಾಳ್ಯ ಹೋಬಳಿ. ಅಪ್ಪ ಮೊದಲು ಅಕ್ಕನನ್ನು ಆಚೆಗೆ ಕೊಟ್ಟ, ಕೆಲವು ವರ್ಷ ಬಿಟ್ಟು ನನ್ನನ್ನು ಈಚೆಗೆ ಕೊಟ್ಟ. ಬಾಯಿಗೆ ಹಾಕಿಕೊಂಡ ಎಲೆಅಡಿಕೆ ಮುಗಿಯುವಷ್ಟರಲ್ಲಿ ನಾನು ಅವಳ ಜಗಲಿಯಲ್ಲಿ ಇರುತ್ತಿದ್ದೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಳೆದ ದಿನಗಳು ಕಡಿಮೆ. ನೋಡಿದ ದಿನ ಜಗಳವಾಡದೆ ಇದ್ದದ್ದು ಇನ್ನೂ ಕಡಿಮೆ.

ಹಾಗಾಗಿ ಎರಡನೆಯ ಸಲ ಲಾಕ್‌ಡೌನ್ ಬಂದು ಊರೂರಿನ ದಾರಿ ಮುಚ್ಚಿದಾಗ ನನಗೆ ಬೇಕಾಗಿದ್ದದ್ದು ಒಂದೇ. ಅದು ಮುಗಿಯಬೇಕು. ನಾನು ಹಳ್ಳ ದಾಟಬೇಕು. ಅಕ್ಕನ ಅಡುಗೆಮನೆಯಲ್ಲಿ ಮಣೆ ಎಳೆದುಕೊಂಡು ಕೂತು ಅವಳ ಬೆಲ್ಲದ ಕಾಫಿ ಕುಡಿಯಬೇಕು. ಅವಳು ಬೆಲ್ಲ ಎಷ್ಟು ಸುರಿಯುತ್ತಿದ್ದಳೆಂದರೆ ಅದನ್ನು ನಾನು ಕಾಫಿ ಎಂದು ಕರೆದದ್ದೇ ಇಲ್ಲ, ಪಾನಕ ಎಂದೇ ಹಂಗಿಸುತ್ತಿದ್ದೆ. ಊರವರೆಲ್ಲ ದೇವರಲ್ಲಿ ದೊಡ್ಡ ದೊಡ್ಡದನ್ನು ಬೇಡಿಕೊಳ್ಳುತ್ತಿದ್ದ ಆ ದಿನಗಳಲ್ಲಿ ನಾನು ಆ ಪಾನಕ ಬೇಡಿಕೊಂಡೆ.

ಮೊದಲನೆಯ ಲಾಕ್‌ಡೌನ್ ನಮಗೆ ಅಷ್ಟಾಗಿ ತಟ್ಟಿರಲಿಲ್ಲ. ಗಂಡಸರು ಇಸ್ಪೀಟು ಆಡಿದರು, ನಾವು ಕಡುಬು ಬೇಯಿಸಿದೆವು, ಅಕ್ಕ ಗದ್ದೆ ಬದುವಿನ ಮೇಲೆ ದಿನಾ ಬಂದು ಹೋಗುತ್ತಿದ್ದಳು. ಎರಡನೆಯದು ಬೇರೆ. ಹಾಸನದಿಂದ ಬರುವ ಸುದ್ದಿಯಲ್ಲಿ ಗೊತ್ತಿರುವವರ ಹೆಸರುಗಳೇ ಇರುತ್ತಿದ್ದವು. ಆಸ್ಪತ್ರೆಗೆ ಹೋದವರನ್ನು ಮನೆಗೆ ತರಲು ಬಿಡುವುದಿಲ್ಲವಂತೆ, ಮುಖ ನೋಡಲೂ ಬಿಡುವುದಿಲ್ಲವಂತೆ. ರಾತ್ರಿ ನಮ್ಮ ಗುಡ್ಡಕ್ಕೆ ಕೇಳಿಸುತ್ತಿದ್ದ ಹೆದ್ದಾರಿ ಲಾರಿಗಳ ಗುರುಗುರು ಕೂಡ ನಿಂತುಹೋಯಿತು. ಜನ್ಮವಿಡೀ ಆ ಸದ್ದಿಗೆ ಶಾಪ ಹಾಕಿದವಳು ನಾನು. ಅದು ನಿಂತ ಮೇಲೆ ನಿದ್ದೆ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮೂರ ಗಂಡಸರು ರಸ್ತೆಗೆ ಮರದ ಕೊಂಬೆ ಕಡಿದು ಅಡ್ಡ ಹಾಕಿದರು. ಅಷ್ಟಕ್ಕೆ ಸುಮ್ಮನಾಗಲಿಲ್ಲ. ಹಳ್ಳಕ್ಕೆ ಹೋಗಿ, ನಾವು ದಾಟುತ್ತಿದ್ದ ಕಾಲುಸಂಕದ ದಿಮ್ಮಿಯನ್ನೂ ಎತ್ತಿ ಈಚೆ ದಡಕ್ಕೆ ಎಳೆದು ಹಾಕಿದರು. ಎಳೆದವರಲ್ಲಿ ನಮ್ಮ ಮನೆಯವರೂ ಒಬ್ಬರು. ಮಧ್ಯಾಹ್ನ ಊಟಕ್ಕೆ ಬಂದಾಗ ನಾನು ತಟ್ಟೆ ಕುಕ್ಕಿದೆ.

"ಬೇಸಿಗೇಲಿ ಹಳ್ಳದಲ್ಲಿ ಕೋಳಿ ದಾಟೋವಷ್ಟು ನೀರೈತೆ. ಸಂಕ ತೆಗೆದು ಯಾವ ರೋಗ ತಡೀತೀರಿ?"

"ಊರೋರೆಲ್ಲ ಸೇರಿ ಮಾಡಿದ್ದು ಕಣೆ. ನಾನೊಬ್ನೇ ಬ್ಯಾಡ ಅನ್ನಕ್ಕಾಗ್ತದಾ?"

ಅದೇ ವಾರ ಆನೆಗಳ ಹಿಂಡೊಂದು ಅಕ್ಕನ ಊರ ಕಡೆಯಿಂದ ಇಳಿದು, ಹಳ್ಳ ದಾಟಿ, ರಸ್ತೆಗೆ ಹಾಕಿದ್ದ ಕೊಂಬೆಗಳನ್ನು ಪಕ್ಕಕ್ಕೆ ತಳ್ಳಿ, ನಮ್ಮ ಬಾಳೆ ತಿಂದು ಮೇಲಿನ ಕಾಫಿ ಎಸ್ಟೇಟಿನೊಳಕ್ಕೆ ಹೋಯಿತು. ಮಾಮೂಲಿ ವರ್ಷವಾಗಿದ್ದರೆ ನಾನು ಎದೆ ಬಡಿದುಕೊಳ್ಳುತ್ತಿದ್ದೆ. ಆ ಸಲ ಮುರಿದ ಬಾಳೆಗಳ ನಡುವೆ ನಿಂತು, ಇವಾದರೂ ಆಚೆಯಿಂದ ಬಂದವಲ್ಲ, ಅಕ್ಕನ ಹಿತ್ತಲು ನೋಡಿಕೊಂಡು ಬಂದವಲ್ಲ ಎಂದು ಹೊಟ್ಟೆಕಿಚ್ಚು ಪಟ್ಟೆ.

ಸಂಕ ಹೋದರೂ ಹಳ್ಳ ಇತ್ತು. ಮಧ್ಯಾಹ್ನ ಊರು ಕಾಯುವ ಪುಣ್ಯಾತ್ಮರು ಗೊರಕೆ ಹೊಡೆಯುವ ಹೊತ್ತಿಗೆ ನಾನು ಇಳಿದು ಹೋಗುತ್ತಿದ್ದೆ, ಅಕ್ಕ ಆಚೆ ದಡಕ್ಕೆ ಬರುತ್ತಿದ್ದಳು. ಅವಳು ಅಲ್ಲಿ, ನಾನು ಇಲ್ಲಿ, ನಡುವೆ ಪಾದ ತೋಯುವಷ್ಟು ನೀರು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಸೀರೆ ಎತ್ತಿ ಕಟ್ಟಿದೆ.

"ಬರ್ತೀನಿ ಕಣಕ್ಕ. ಯಾರೂ ನೋಡಲ್ಲ."

"ಬಂದ್ರೆ ಕಾಲು ಮುರೀತೀನಿ. ನಮ್ಮೂರಲ್ಲಿ ಮನೆಮನೇಲಿ ಜ್ವರ ಕಣೆ. ನಿಂಗೆ ನೋಡಿದ್ರೆ ಸಕ್ಕರೆ ಕಾಯಿಲೆ. ಅಲ್ಲೇ ಕೂತ್ಕಂಡು ಮಾತಾಡು."

"ಬೆನ್ನು ತಿಕ್ಕೋರಿಲ್ಲ ಅಕ್ಕ. ಕೆರೆದು ಕೆರೆದು ಸಾಕಾಗೈತೆ."

ಇದನ್ನು ಹೇಳಲೇಬೇಕು. ವಾರಕ್ಕೊಮ್ಮೆ ಅವಳ ಬಚ್ಚಲಲ್ಲಿ ಹಂಡೆ ನೀರು ಕಾಯಿಸಿ ಒಬ್ಬರ ಬೆನ್ನು ಒಬ್ಬರು ತಿಕ್ಕುವುದು ನಮಗೆ ಚಿಕ್ಕಂದಿನಿಂದ ಬಂದ ರೂಢಿ. ಮೊಮ್ಮಕ್ಕಳು ಬರುವ ವಯಸ್ಸಾದರೂ ಬಿಟ್ಟಿರಲಿಲ್ಲ.

"ನಿನ್ ಗಂಡಂಗೆ ಹೇಳು, ತಿಕ್ತಾರೆ."

"ಅವ್ರು ಎತ್ತಿನ ಮೈ ತೊಳ್ದಂಗೆ ತಿಕ್ತಾರೆ. ಚರ್ಮ ಉಳಿಯಲ್ಲ."

ಅಕ್ಕ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಮುಗೀಲಿ ಬುಡು," ಎಂದಳು. "ಮೊದ್ಲ ಬಸ್ಸಿಗೇ ಬಾಳ್ಳುಪೇಟೆಗೆ ಹೋಗಣ. ಅಂಗಡಿ ಸಾಲಲ್ಲಿ ಒಂದು ಸುತ್ತು ಹಾಕಿ, ಹೋಟ್ಲಲ್ಲಿ ಕೂತು ಮಸಾಲೆ ದೋಸೆ ತಿನ್ನಣ. ಕಿಟಕಿ ಪಕ್ಕದ ಸೀಟು ಮಾತ್ರ ನಂಗೆ."

"ಯಾವಾಗ್ಲೂ ನಿಂಗೇ ತಾನೆ? ಹೊಸದಾಗಿ ಏನು ಕೇಳೋದು?"

"ಇದು ಮುಗಿದ್ಮೇಲೆ ಎಲ್ಲ ಹೊಸಾದೇ ಕಣೆ. ಮೊದ್ಲೇ ಹೇಳಿಟ್ಟಿರ್ಬೇಕು."

ಏಳುವಾಗ ಹಲಸಿನ ಹಪ್ಪಳದ ಕಟ್ಟೊಂದನ್ನು ನನ್ನ ಕಡೆ ಎಸೆದಳು. ಅದು ನೀರಿಗೆ ಬಿತ್ತು. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ್ದರಿಂದ ಉಳಿಯಿತು. "ಎಸೆಯೋಕೂ ಬರಲ್ಲ ನಿಂಗೆ," ಎಂದು ಬೈದು ಎತ್ತಿಕೊಂಡೆ. ಮಾರನೆಯ ದಿನ ಹೋದರೆ ಆಚೆ ದಡದ ಕಾಲುದಾರಿಗೂ ಮುಳ್ಳು ಬಿದ್ದಿತ್ತು. ಅವಳ ಊರಿನವರೂ ನಮ್ಮೂರಿನವರಷ್ಟೇ ಬುದ್ಧಿವಂತರಾಗಿದ್ದರು.

ಆಮೇಲೆ ಉಳಿದದ್ದು ಕೂಗು ಮಾತ್ರ. ನಮ್ಮ ಕಡೆ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕೂ ಹಾಕುತ್ತಾರೆ. ಅಂಗೈ ಎರಡನ್ನೂ ಬಾಯಿಯ ಅಕ್ಕಪಕ್ಕ ಹಿಡಿದು "ಕೂ" ಎಂದು ಎಳೆದರೆ ಆಚೆಯವರು "ಓ" ಎಂದು ಓಗೊಡಬೇಕು. ಹೇಗಿದ್ದೀಯ ಎಂದು ಕೇಳುವುದಿಲ್ಲ, ಚೆನ್ನಾಗಿದ್ದೀನಿ ಎಂದು ಹೇಳುವುದೂ ಇಲ್ಲ. ಓ ಬಂತೆಂದರೆ ಎಲ್ಲ ಸರಿಯಾಗಿದೆ. ಫೋನಿಲ್ಲವೇ ಎಂದು ಕೇಳಬಹುದು. ಫೋನಿದೆ, ಸಿಗ್ನಲ್ ಇಲ್ಲ. ಗುಡ್ಡದ ನೆತ್ತಿಗೆ ಹೋಗಿ ಎಸ್ಟೇಟ್ ಗೇಟಿನ ಹತ್ತಿರ ನಿಂತರೆ ನಮ್ಮ ಮನೆಯವರ ಫೋನು ಹಿಡಿಯುತ್ತದೆ. ಮಂಡಿನೋವಿನವಳು ನಾನು ಅಷ್ಟು ಹತ್ತುವುದಿಲ್ಲ. ಅಕ್ಕನಂತೂ ಫೋನು ಮುಟ್ಟಿದವಳೇ ಅಲ್ಲ. ನಮಗೆ ಕೂಗೇ ಸಾಕಾಗಿತ್ತು.

ಕೂಗಿಗೆ ಒಂದು ಕಟ್ಟುಪಾಡಿದೆ. ದೀಪ ಹಚ್ಚುವ ಹೊತ್ತಾದ ಮೇಲೆ ಮೊದಲನೆಯ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಕೂಡದು. ಮೂರನೆಯದು ಬಂದರೆ ಮಾತ್ರ ಬಾಯಿ ಬಿಡಬೇಕು. ದೆವ್ವ ಎರಡಕ್ಕಿಂತ ಹೆಚ್ಚು ಸಲ ಕೂಗುವುದಿಲ್ಲ ಎಂದು ಅಜ್ಜಿ ಹೇಳಿಕೊಟ್ಟದ್ದು. ನಾನು ಅದನ್ನು ಅರ್ಧ ನಂಬುತ್ತೇನೆ. ಅಕ್ಕ ಪೂರಾ ನಂಬಿದ್ದಳು. ನಾನು ಅಂಗಳದ ತುದಿಯಲ್ಲಿ ನಿಂತು ಗಂಟಲು ಹರಿದುಕೊಂಡರೂ ಮೂರಾಗುವವರೆಗೆ ಅವಳು ಉಸಿರೆತ್ತುತ್ತಿರಲಿಲ್ಲ.

"ನನ್ ಗಂಟ್ಲು ಗೊತ್ತಾಗಲ್ವೇನೆ ನಿಂಗೆ?" ಎಂದು ಒಮ್ಮೆ ಜಗಳ ತೆಗೆದಿದ್ದೆ.

"ಇಷ್ಟು ದೂರದಿಂದ ಯಾರ್ ಕೂಗಿದ್ರೂ ಒಂದೇ ಥರ ಕೇಳ್ತೈತೆ. ದೆವ್ವ ನಿನ್ನಂಗೇ ಕೂಗಿದ್ರೆ?"

"ನನ್ನಂಗೆ ಕೂಗೋ ದೆವ್ವ ಇದ್ರೆ ಅದ್ರ ಗಂಡ ಪಾಪದೋನು ಬುಡು," ಎಂದು ನಮ್ಮ ಮನೆಯವರು ಪಕ್ಕದಿಂದ ಸೇರಿಸಿದ್ದರು.

ಈಗ ನನ್ನ ದಿನವೆಲ್ಲ ಆ ಸಂಜೆಯ ಕೂಗಿನ ಕಡೆಗೇ ತಿರುಗಿಕೊಂಡಿತು. ಬೆಳಿಗ್ಗೆ ಎದ್ದು ದನಕ್ಕೆ ಹುಲ್ಲು ಹಾಕುವಾಗಲೂ ಸಂಜೆಯೇ ನೆನಪು, ಕಾಫಿ ಗಿಡದ ಚಿಗುರು ತೆಗೆಯುವಾಗಲೂ ಅದೇ. ದಾರಿ ತೆರೆದ ಮೊದಲ ದಿನ ಹೇಗಿರಬೇಕೆಂದು ಮನಸ್ಸಿನಲ್ಲಿ ಹೂಡಿಕೊಳ್ಳುತ್ತಿದ್ದೆ. ಬಸ್ಸಿನ ಡೀಸೆಲ್ ವಾಸನೆ, ಚಿಲ್ಲರೆ ಇಲ್ಲವೆಂದು ಕಂಡಕ್ಟರ್ ಗದರುವುದು, ಬಾಳ್ಳುಪೇಟೆಯ ಹೋಟೆಲಿನಲ್ಲಿ ಯಾರದೋ ಎಂಜಲು ಲೋಟ ನಮ್ಮ ಮುಂದೆಯೇ ಇರುವುದು, ಟೈಲರ್ ರವಿಕೆ ಕೆಡಿಸಿದನೆಂದು ಅಕ್ಕ ಬೀದಿಯಲ್ಲಿ ನಿಂತು ರೇಗುವುದು. ಇವೆಲ್ಲ ಬೇಕಾಗಿತ್ತು ನನಗೆ. ಜನರ ಮೈ ತಾಗುವುದು ಬೇಕಾಗಿತ್ತು. ಕೆಲವು ದಿನ ಒಲೆ ಮುಂದೆ ಕೂತವಳಿಗೆ ಕಾರಣವಿಲ್ಲದೆ ಅಳು ಬರುತ್ತಿತ್ತು. ಹೊಗೆ ಎಂದು ಹೇಳಿ ಮುಗಿಸುತ್ತಿದ್ದೆ. ನನಗೆ ಹೆದರಿಕೆಯಾಗುತ್ತಿತ್ತು. ಇದು ಮುಗಿಯುವುದೇ ಇಲ್ಲವೇನೋ, ನಾವೆಲ್ಲ ಹೀಗೆ ನಮ್ಮ ನಮ್ಮ ಗುಡ್ಡದಲ್ಲೇ ಒಣಗಿಹೋಗುತ್ತೇವೇನೋ ಎಂದು ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ಮಳೆ ಹಿಡಿಯಿತು. ಹಳ್ಳ ಕೆಂಪಗೆ ತುಂಬಿ ಬಂತು. ಈಗ ಹಾರಿ ದಾಟುವ ಮಾತೂ ಇಲ್ಲ. ಮಂಜು ಕವಿದು ಅಕ್ಕನ ಮನೆ ಕಾಣದಾಯಿತು. ಹೆಂಚಿನ ಮೇಲೆ ಮಳೆ ಸುರಿಯುವಾಗ ನಾನು ಕೂಗಿದರೆ ನನ್ನ ಕಿವಿಗೇ ಕೇಳುತ್ತಿರಲಿಲ್ಲ. ಮಳೆ ತಡೆಯುವ ಗೊರಬು ಹೊದ್ದು ಅಂಗಳದ ತುದಿಗೆ ಹೋಗಿ ಕೂಗುತ್ತಿದ್ದೆ. ಮೂರು, ನಾಲ್ಕು, ಗಂಟಲು ಕಟ್ಟುವವರೆಗೆ. ಆಚೆಯಿಂದ ಏನೂ ಇಲ್ಲ. ಒಳಗೆ ಬಂದರೆ ಅನ್ನ ಇಳಿಯುತ್ತಿರಲಿಲ್ಲ. "ಮಳೇಲಿ ಕೇಳ್ಸಿರಲ್ಲ ಕಣೆ, ಉಣ್ಣು," ಎನ್ನುತ್ತಿದ್ದರು ನಮ್ಮ ಮನೆಯವರು. ಅದು ನನಗೂ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ?

ಕೊನೆಗೊಂದು ಸಂಜೆ ಮಳೆ ಬಿಟ್ಟು ಹೊಳವಾಯಿತು. ಮೋಡ ಕೆಳಗಿತ್ತು, ಗಾಳಿ ಇರಲಿಲ್ಲ. ನಾನು ಓಡಿಹೋಗಿ ಕೂ ಹಾಕಿದೆ. ಒಂದೇ ಒಂದು ಸಲ. ಕೂಗು ಗುಡ್ಡಕ್ಕೆ ಬಡಿದು ಮುಗಿಯುವುದರೊಳಗೆ ಆಚೆಯಿಂದ "ಓ" ಬಂತು.

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಸಡಿಲ ಬಿಡದ ಕಟ್ಟುಪಾಡನ್ನು ಅಕ್ಕ ಮುರಿದಿದ್ದಳು. ಅವಳೂ ನನ್ನಂತೆ ಅಂಗಳದಲ್ಲಿ ಕಾದು ನಿಂತಿದ್ದಾಳೆ, ಅವಳಿಗೂ ತಡೆಯಲಾಗುತ್ತಿಲ್ಲ ಎಂದುಕೊಂಡೆ. ಒಳಗೆ ಬಂದು ಅಂದೇ ಅವಳು ಕೊಟ್ಟ ಹಪ್ಪಳ ಕರಿದೆ.

"ಒಂದೇ ಕೂಗಿಗೆ ಓ ಅಂದ್ಳು ಕಣ್ರೀ. ದೆವ್ವದ ಭಯಾನೂ ಬುಟ್ಟವಳೆ ನಮ್ಮಕ್ಕ."

"ಹೌದಾ," ಎಂದು ಅವರೂ ನಕ್ಕರು.

ಅಂದಿನಿಂದ ಮಳೆ ಬಿಟ್ಟ ಸಂಜೆಗಳಲ್ಲೆಲ್ಲ ಹಾಗೆಯೇ. ಒಂದು ಕೂಗು, ಒಂದು ಓ. ನಾನು ಹೊಸ ಹುರುಪಿನಲ್ಲಿದ್ದೆ. ಮೊದಲ ದಿನಕ್ಕೆಂದು ಸೀರೆ ಎತ್ತಿಟ್ಟೆ. ಅವಳಿಗೆಂದು ಒಂದು ಡಬ್ಬಿಯಲ್ಲಿ ಹೊಸ ಕಾಫಿಪುಡಿ ತುಂಬಿಸಿದೆ, ಪಾನಕವನ್ನಾದರೂ ಒಳ್ಳೆಯ ಪುಡಿಯಲ್ಲಿ ಮಾಡಲಿ ಎಂದು.

ಈ ನಡುವೆ ಒಂದು ದಿನ ನಮ್ಮ ಮನೆಯವರು ಫೋನು ಹಿಡಿದು ಗುಡ್ಡದ ನೆತ್ತಿಗೆ ಹೋದವರು ಕತ್ತಲಾಗುವ ಹೊತ್ತಿಗೆ ಇಳಿದು ಬಂದರು. ಕಾಲು ತೊಳೆಯದೆ ಜಗಲಿಯಲ್ಲಿ ಕೂತರು.

"ಪಾಳ್ಯದ ಕಡೆ ಒಬ್ರು ಹೋಗ್ಬುಟ್ರಂತೆ," ಎಂದರು.

"ಯಾರು?"

"ಗೊತ್ತಾಗ್ಲಿಲ್ಲ ಕಣೆ. ಫೋನು ಸರಿಯಾಗಿ ಕೇಳ್ಸಲಿಲ್ಲ."

"ಪಾಪ, ಯಾರ್ ಮನೇದೋ," ಎಂದು ನಾನು ರೊಟ್ಟಿ ತಿರುವಿ ಹಾಕಿದೆ. ಆಮೇಲೆ ಅಂಗಳಕ್ಕೆ ಹೋಗಿ ಕೂಗಿದೆ. ಓ ಬಂತು. ನಗುತ್ತಾ ಒಳಗೆ ಬಂದೆ. ಅವರು ರೊಟ್ಟಿ ಮುಟ್ಟದೆ ಎದ್ದು ಕೊಟ್ಟಿಗೆಗೆ ಹೋದರು. ಸುತ್ತೆಲ್ಲ ಸಾವಿನ ಸುದ್ದಿ, ಮನಸ್ಸು ಕೆಟ್ಟಿರಬೇಕು ಎಂದುಕೊಂಡೆ.

ಲಾಕ್‌ಡೌನ್ ತೆಗೆದರು. ಒಂದು ಬೆಳಿಗ್ಗೆ ಗಂಡಸರೇ ಹೋಗಿ ಮತ್ತೆ ಹಳ್ಳಕ್ಕೆ ದಿಮ್ಮಿ ಹಾಕಿ ಬಂದರು. ನಾನು ಎತ್ತಿಟ್ಟ ಸೀರೆ ಉಟ್ಟು, ಕಾಫಿಪುಡಿ ಡಬ್ಬಿ ಹಿಡಿದು ಹೊರಟೆ. "ತಡಿ, ನಾನೂ ಬರ್ತೀನಿ," ಎಂದರು ನಮ್ಮ ಮನೆಯವರು. ಅಕ್ಕನ ಮನೆಗೆ ನಾನು ಹೋಗುವಾಗ ಅವರು ಜೊತೆಗೆ ಬಂದವರೇ ಅಲ್ಲ. ನಮ್ಮಿಬ್ಬರ ಬಾಯಿಯ ನಡುವೆ ಯಾರು ಕೂರುತ್ತಾರೆ ಎನ್ನುತ್ತಿದ್ದರು. ಸಂಕ ಜಾರುತ್ತದೆಂದು ಬಂದಿರಬಹುದು ಎಂದುಕೊಂಡೆ. ಏರಿನಲ್ಲಿ ಅವರು ನನ್ನ ತೋಳು ಹಿಡಿದುಕೊಂಡರು. ನಾನು ಬಿಡಿಸಿಕೊಂಡು ಮುಂದೆ ನಡೆದೆ.

ಜಗಲಿಯಲ್ಲಿ ಅಕ್ಕನ ಮಗ ಕೂತಿದ್ದ. ಅವನ ತಲೆ ಬೋಳಿಸಿತ್ತು. ಕೂದಲು ಆಗಷ್ಟೇ ಕಪ್ಪಗೆ ಹುಟ್ಟುತ್ತಿತ್ತು. ನಮ್ಮಲ್ಲಿ ಗಂಡುಮಗ ತಲೆ ಬೋಳಿಸುವುದು ತಿರುಪತಿಗೆ ಹೋಗಿ ಬಂದರೆ, ಇಲ್ಲವೇ ಅಪ್ಪನೋ ಅವ್ವನೋ ಹೋದರೆ. ತಿರುಪತಿಗೆ ಹೋಗಲು ಬಸ್ಸಿರಲಿಲ್ಲ. ಭಾವ ಅವನ ಹಿಂದೆ ಬಾಗಿಲಲ್ಲಿ ನಿಂತಿದ್ದರು.

"ಚಿಕ್ಕವ್ವಾ," ಎಂದ ಹುಡುಗ.

"ಸುಳ್ಳು," ಎಂದೆ ನಾನು. "ನಿನ್ನೆ ಸಂಜೆ ಓಗೊಟ್ಳಲ್ಲೋ."

ಒಳಗಿನಿಂದ ಅಕ್ಕನ ಸೊಸೆ ಬಂದಳು. ಅರಸೀಕೆರೆ ಕಡೆಯ ಬಯಲುಸೀಮೆಯ ಹುಡುಗಿ, ಹಿಂದಿನ ವರ್ಷವಷ್ಟೇ ಮದುವೆಯಾಗಿ ಬಂದವಳು. ನನ್ನ ಮುಂದೆ ಬಂದು ನೆಲಕ್ಕೆ ಕುಸಿದು ಕೂತಳು.

"ಅದು ನಾನು ಚಿಕ್ಕತ್ತೆ. ಅತ್ತೆ ಆಂಬುಲೆನ್ಸ್ ಹತ್ತೋವಾಗ ನನ್ ಕೈ ಹಿಡ್ಕಂಡು ಹೇಳಿದ್ರು. ಸಂಜೆ ನನ್ ತಂಗಿ ಕೂಗ್ತಾಳೆ, ಓ ಅನ್ನು. ಓ ಬರ್ಲಿಲ್ಲ ಅಂದ್ರೆ ಅವ್ಳು ತುಂಬಿದ ಹಳ್ಳಾನೇ ಹಾರ್ಕಂಡು ಬಂದ್ಬುಡ್ತಾಳೆ, ಅವ್ಳಿಗೆ ಸಕ್ಕರೆ ಕಾಯಿಲೆ ಐತೆ, ಬರ್ಬಾರ್ದು ಅಂತ."

ಹಾಸನಕ್ಕೆ ಕರೆದುಕೊಂಡು ಹೋದವಳು ಮನೆಗೆ ಬರಲಿಲ್ಲ. ಅಲ್ಲೇ ಎಲ್ಲ ಮುಗಿಸಿದರು. ಮಗ ದೂರ ನಿಂತು ಕೈ ಮುಗಿದು ಬಂದನಂತೆ. ತಿಥಿಯೂ ಮುಗಿದಿತ್ತು. ತಿಥಿಯ ದಿನ ಸಂಜೆಯೂ ನಾನು ಕೂಗಿದ್ದೆ, ಈ ಹುಡುಗಿ ಅಡುಗೆಯ ಕೈ ಒರೆಸಿಕೊಂಡು ಅಂಗಳಕ್ಕೆ ಬಂದು ಓಗೊಟ್ಟಿದ್ದಳು.

"ಒಂದೇ ಕೂಗಿಗೆ ಯಾಕೆ ಓ ಅಂದೆ?" ಎಂದು ಕಿರುಚಿದೆ. ಅಷ್ಟೆಲ್ಲ ಕೇಳಿದ ಮೇಲೆ ನನ್ನ ಬಾಯಿಂದ ಬಂದದ್ದು ಅದೊಂದೇ. "ಒಂದೇ ಕೂಗಿಗೆ ಅನ್ಬಾರ್ದು ಅಂತ ಗೊತ್ತಾಗಲ್ವಾ ನಿಂಗೆ?"

ಹುಡುಗಿ ಮುಖ ಎತ್ತಿದಳು. "ಮತ್ತೆ ಎಷ್ಟು ಕೂಗಿಗೆ ಅನ್ಬೇಕಿತ್ತು ಚಿಕ್ಕತ್ತೆ? ಅವ್ರು ಇನ್ನೂ ಏನೋ ಹೇಳಕ್ಕೆ ನೋಡಿದ್ರು. ಉಸ್ರು ಸಿಗ್ಲಿಲ್ಲ."

ಆಗ ನನಗೆ ಅಳು ಬಂತು. ಅವಳ ಹೆಗಲು ಹಿಡಿದುಕೊಂಡು, ಎಷ್ಟೋ ದಿನದಿಂದ ಯಾರ ಮೈಯನ್ನೂ ಮುಟ್ಟದವಳು, ಅವಳ ಬೆನ್ನಿಗೆ ಮುಖ ಒತ್ತಿ ಅತ್ತೆ. ಸಮಾಧಾನವಾದ ಮೇಲೆ ಹೇಳಿದೆ, "ಮೂರು ಕಣವ್ವ. ಮೂರನೇದಕ್ಕೆ ಅನ್ಬೇಕು." ಹುಡುಗಿ ತಲೆಯಾಡಿಸಿದಳು. ಎದ್ದು ಹೋಗಿ ನಮಗೆಲ್ಲ ಕಾಫಿ ಮಾಡಿಕೊಂಡು ಬಂದಳು. ಬೆಲ್ಲ ಅತ್ತೆಯ ಅಳತೆಯಲ್ಲೇ ಹಾಕಿದ್ದಳು. ಗಂಟಲಲ್ಲಿ ಇಳಿಯುವಂತಿರಲಿಲ್ಲ. ಪೂರ್ತಿ ಕುಡಿದೆ.

ಮನೆಗೆ ಬರುವಾಗ ಸಂಕದ ಹತ್ತಿರ ನಮ್ಮ ಮನೆಯವರೇ ಹೇಳಿದರು.

"ಹೇಳ್ಬೇಕು ಅಂತ ದಿನಾ ಅಂದ್ಕತಿದ್ದೆ. ನೀನು ಕೂಗಿ ನಕ್ಕಂಡು ಒಳಗೆ ಬರ್ತಿದ್ದೆ. ನಂಗೆ ಬಾಯಿ ಬರ್ಲಿಲ್ಲ ಕಣೆ."

ಅವರ ಕೈ ಹಿಡಿಯದೆ ಸಂಕ ದಾಟಿದೆ.

ಆಮೇಲೆ ನಾನು ಕಾಯುತ್ತಿದ್ದ ಬದುಕು ಒಂದೊಂದಾಗಿ ಬಂತು. ಹೆದ್ದಾರಿಯಲ್ಲಿ ಲಾರಿಗಳು ಮತ್ತೆ ಗುರುಗುಟ್ಟಿದವು. ಬಸ್ಸು ಬಿಟ್ಟರು. ಮಾತ್ರೆ ಮುಗಿದಿತ್ತೆಂದು ಒಂದು ದಿನ ಬಾಳ್ಳುಪೇಟೆಗೆ ಹೊರಟೆ. ಹತ್ತಿದಾಗ ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ನಾನು ಈಚೆ ಸೀಟಿನಲ್ಲಿ ಕೂತೆ. "ಒಳಗೆ ಸರೀರಮ್ಮ, ಜನ ಹತ್ತವ್ರೆ," ಎಂದು ಕಂಡಕ್ಟರ್ ಗದರಿದ. ಅವನು ಗದರುವುದಕ್ಕೆ ಹಂಬಲಿಸಿದ್ದೆನಲ್ಲ, ಚೆನ್ನಾಗಿಯೇ ಗದರಿದ. ನಾನು ಸರಿಯಲಿಲ್ಲ. ಯಾರೋ ಹೆಂಗಸು ನನ್ನ ಮಂಡಿ ದಾಟಿಕೊಂಡು ಒಳಗೆ ಹೋಗಿ ಕೂತಳು. ಮಾತ್ರೆ ತೆಗೆದುಕೊಂಡು, ಹೋಟೆಲಿನ ಮುಂದೆ ನಿಲ್ಲದೆ, ಸಿಕ್ಕಿದ ಬಸ್ಸಿಗೆ ವಾಪಸಾದೆ.

ಅಂದು ಸಂಜೆ ಮಳೆ ಇರಲಿಲ್ಲ. ಅಕ್ಕನ ಮನೆಗೆ ಹೋಗಿ ಬಂದಾಗಿನಿಂದ ನಾನು ದೀಪ ಹಚ್ಚುವ ಹೊತ್ತಿಗೆ ಅಂಗಳಕ್ಕೆ ಹೋಗುವುದನ್ನೇ ಬಿಟ್ಟಿದ್ದೆ. ಒಲೆ ಮುಂದೆ ಕೂತಿದ್ದಾಗ ಆಚೆ ಗುಡ್ಡದಿಂದ "ಕೂ" ಎಂದು ಬಂತು. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಏಳಲಿಲ್ಲ. ಎರಡನೆಯದು ಬಂತು. ಬೆಂಕಿಗೆ ಇನ್ನೊಂದು ಸೌದೆ ಹಾಕಿದೆ. ಆಮೇಲೆ ಏನೂ ಇಲ್ಲ. ಹುಡುಗಿ ಬೇಸತ್ತು ಒಳಗೆ ಹೋದಳೇನೋ ಅನ್ನಿಸಿತು. ಎದ್ದು ಓಡಿದೆ.

ಮೂರನೆಯದು ಬಂದಾಗ ನಾನು ಅಂಗಳದ ತುದಿಯಲ್ಲಿದ್ದೆ. "ಓ" ಎಂದೆ. ಗಂಟಲು ಒಡೆದುಹೋಗಿತ್ತು, ಅದು ಹಳ್ಳ ದಾಟಿತೋ ಇಲ್ಲವೋ ಗೊತ್ತಾಗಲಿಲ್ಲ. ಇನ್ನೊಮ್ಮೆ ಎಂದೆ.